ಸುಲಭೋಹ್ಯವಾದ ಶೋಧ: ಬೆಣೆ, ಕೀಲು, ತಿರುಪುಗಳ ಪೇಟೆಂಟಿನ ವಿಚಾರ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಯ ನಾಡಿನಲ್ಲಿ ಒಕ್ಕಲುತನದ ಉಪಕರಣಗಳು ಕೆಲವು ಅತ್ಯಲ್ಪ ವಸ್ತುಗಳನ್ನು ನಂಬಿ ನಿಂತಿರುವುವು. ಚಕ್ಕಡಿಯ ಗಾಲಿಯು ಅಚ್ಚಿನಿಂದ ಕಳಚಿಹೋಗದಂತೆ ತಡೆಯುವುದು ಬೆರಳುದ್ದದ ಒಂದು ಕಡಾಣಿ. ಕುಂಟೆಯ ಕುಡವನ್ನು ತಾಳಿಗೆ ಹಿಡಿದಿಡುವುದು ಕಬ್ಬಿಣದ ಒಂದು ಬಳೆ. ರಂಟೆಯ ಈಸನ್ನು ಅದರ ಒಡಲಿಗೆ ಬಿಗಿಯುವುದು ಜಾಲಿಯ ಒಂದು ಬೆಣೆ. ಇವುಗಳ ಬೆಲೆ ತೀರ ಅಲ್ಪ. ಆದರೆ ಹದವಾದ ಮಳೆ ಬಿದ್ದು ಬಿತ್ತಿಗೆಗೆ ಎರಡೇ ದಿನ ಉಳಿದಿರುವಾಗ ಇವುಗಳಲ್ಲಿ ಒಂದು ಸಡಿಲಾದರೆ ಹದವು ಆರಿಹೋಗಿ ವರುಷದ ಬೆಳೆಯೇ ಕೈಬಿಡಬಹುದು. ಕಡಾಣಿಯೆಂದರೆ ಕಡೆಯ ಆಣಿ. ಅಚ್ಚಿನ ಕೊನೆಗೆ ಇಕ್ಕುವ ಮೊಳೆ. ಕೀಲು ಎಂಬ ಮಾತಿನಿಂದಲೇ ಧಾರವಾಡದ ಕಡೆಯ ಕೀಲಿ, ಕೀಲಿಕೈಗಳು ಬಂದಿವೆ. ಎರಡು ವಸ್ತುಗಳನ್ನು ಕೂಡಿಸಿ, ಬೇಕಾದಾಗ ಬಿಡಿಸುವ ವಿದ್ಯೆಯು ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದನ್ನು ಈ ಮಾತುಗಳೇ ಸಾರುವುವು.

ಇಷ್ಟು ಹಳೆಯದಾದ ವಿದ್ಯೆಯಲ್ಲಿ ಯಾವನಾದರೊಬ್ಬನು ಹೊಸದಾಗಿ ಒಂದು ಕೀಲನ್ನೋ ಹಿಡಿಯನ್ನೋ ಮಾಡಿ, ಇದು ತನ್ನ ಶೋಧವೆಂದೂ ಇಪ್ಪತ್ತು ವರುಷ ತನ್ನ ಅಪ್ಪಣೆಯಿಲ್ಲದೆ ಬೇರೊಬ್ಬರು ಇದನ್ನು ಮಾಡಕೂಡದೆಂದೂ ಕೇಳಿದರೆ, ಆ ಕೇಳಿಕೆಯನ್ನು ತೂಗಿ ನೋಡುವ ಬಗೆ ಯಾವುದು? ಅದು ನಿಜವಾಗಿ ಹೊಸ ಕಲ್ಪನೆಯೋ, ಅಥವಾ ಯಾವ ಜಾಣ ಕಂಬಾರನಾದರೂ ಅಗತ್ಯ ಬಿದ್ದಾಗ ಕುಲುಮೆಯ ಮುಂದೆ ಕುಳಿತು ಮಾಡಬಹುದಾದ ತಿದ್ದುಪಡಿಯೋ? ಪೇಟೆಂಟು ಕಾಯಿದೆಯಲ್ಲಿ ಇದಕ್ಕಿಂತ ಕಠಿನವಾದ ಪ್ರಶ್ನೆ ಬೇರೊಂದಿಲ್ಲ. ಅದು ಅತ್ಯಂತ ಕಠಿನವಾಗುವುದು ತೀರ ಸಣ್ಣ ವಸ್ತುಗಳ ವಿಷಯದಲ್ಲಿಯೇ. ರಾಸಾಯನಿಕ ದ್ರವ್ಯಗಳ ಶೋಧವು ಸಾಮಾನ್ಯರಿಗೆ ತಿಳಿಯದು, ಆದುದರಿಂದ ಅದರ ಮುಂದೆ ಎಲ್ಲರೂ ತಲೆದೂಗುವರು, ಕೀಲನ್ನು ಮಾತ್ರ ಒಮ್ಮೆ ಕಣ್ಣಿಂದ ನೋಡಿದೊಡನೆ ಪ್ರತಿಯೊಬ್ಬನೂ “ಇಷ್ಟೆಯೆ?” ಎನ್ನುವನು.

ಹಿಂದೂಸ್ಥಾನದಲ್ಲಿ ಶೋಧಗಳಿಗೆ ರಕ್ಷಣೆ ಕೊಡುವ ಮೊದಲನೆಯ ಕಾಯಿದೆ ೧೮೫೬ರಲ್ಲಿ ಆಯಿತು. ಆ ವರುಷವೇ ಕಲಕತ್ತೆಯ ಡಿಪೆನ್ನಿಂಗ್ ಎಂಬವನು ಪಂಖ ಎಳೆಯುವ ಯಂತ್ರಕ್ಕಾಗಿ ಮೊದಲನೆಯ ಅರ್ಜಿಯನ್ನು ಸಲ್ಲಿಸಿದನು. ಆ ಕಾಯಿದೆಯು ಬೇಗನೆ ರದ್ದಾಗಿ, ೧೮೫೯ರಲ್ಲಿ ಮತ್ತೊಂದು, ೧೮೮೮ರಲ್ಲಿ ಇನ್ನೊಂದು ಬಂದು, ಕೊನೆಗೆ ೧೯೧೧ರ ಪೇಟೆಂಟು ಮತ್ತು ಡಿಸೈನುಗಳ ಕಾಯಿದೆಯು ಬಹುಕಾಲ ನಿಂತಿತು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು ೧೯೫೯ರಲ್ಲಿ ಒಪ್ಪಿಸಿದ ವರದಿಯನ್ನು ಆಧರಿಸಿ ೧೯೭೦ರ ಕಾಯಿದೆಯು ರಚಿತವಾಯಿತು. ಅದು ೨೦೦೨ ಮತ್ತು ೨೦೦೫ರಲ್ಲಿ ಬಹಳವಾಗಿ ತಿದ್ದಲ್ಪಟ್ಟಿತು. ಇಂದಿನ ಕಾಯಿದೆಯ ಪ್ರಕಾರ ಪೇಟೆಂಟಿಗೆ ಅರ್ಹವಾದ ಶೋಧವು ಹೊಸದಾಗಿರಬೇಕು, ಉದ್ಯಮದಲ್ಲಿ ಬಳಸತಕ್ಕುದಾಗಿರಬೇಕು, ಮತ್ತು ಅದರಲ್ಲಿ ಒಂದು ಶೋಧಕ ಹೆಜ್ಜೆ ಇರಬೇಕು. ಶೋಧಕ ಹೆಜ್ಜೆಯೆಂದರೆ, ಇದ್ದ ಜ್ಞಾನಕ್ಕಿಂತ ತಾಂತ್ರಿಕವಾಗಿ ಮುಂದುವರಿದುದೋ ಆರ್ಥಿಕವಾಗಿ ಮಹತ್ವವುಳ್ಳದ್ದೋ ಅಥವಾ ಎರಡೂ ಆಗಿದ್ದು, ಆ ಕಲೆಯಲ್ಲಿ ನುರಿತವನಿಗೆ ಸಹಜವಾಗಿ ಹೊಳೆಯುವಂಥದಲ್ಲದ ಲಕ್ಷಣ.

ಆಂಗ್ಲ ಕಾಯಿದೆಯ ‘ಆಬ್ವಿಯಸ್’ ಎಂಬ ಮಾತಿಗೆ ಕನ್ನಡದಲ್ಲಿ ‘ಸ್ಪಷ್ಟ’ ಎಂದು ಬರೆಯುವ ರೂಢಿಯುಂಟು. ಅದು ಅಷ್ಟು ಸರಿಯಲ್ಲ. ಸ್ಪಷ್ಟವೆಂಬುದು ಈಗಾಗಲೇ ಕಣ್ಣೆದುರಿಗಿರುವ ವಸ್ತುವಿನ ಗುಣ. ಇಲ್ಲಿ ವಿಚಾರಮಾಡಬೇಕಾದುದು ಇನ್ನೂ ಕಣ್ಣೆದುರಿಗೆ ಬಾರದ ವಸ್ತು ಎಷ್ಟು ಸುಲಭವಾಗಿ ಊಹೆಗೆ ಎಟಕುತ್ತಿತ್ತು ಎಂಬುದನ್ನು. ಆದುದರಿಂದ ‘ಸುಲಭೋಹ್ಯ’ವೆಂಬ ಮಾತು ಹೆಚ್ಚು ಒಪ್ಪುವುದು. ಹೊಸತನ ಮತ್ತು ಸುಲಭೋಹ್ಯತೆಗಳಿಗಿರುವ ಭೇದವನ್ನೂ ಇಲ್ಲಿಯೇ ಗಮನಿಸಬೇಕು. ಒಂದೇ ಹಳೆಯ ಪತ್ರದಲ್ಲಿಯೋ ಒಂದೇ ಹಳೆಯ ಉಪಕರಣದಲ್ಲಿಯೋ ಶೋಧದ ಅಂಗಗಳೆಲ್ಲವೂ ಸಿಕ್ಕಿದರೆ ಅದು ಹೊಸದೇ ಅಲ್ಲ. ಆಗ ಮುಂದಿನ ಪ್ರಶ್ನೆಯೇ ಏಳದು. ಅಂಗಗಳು ಬೇರೆ ಬೇರೆ ಕಡೆ ಚದರಿದ್ದು, ಅವನ್ನು ಒಟ್ಟುಗೂಡಿಸಿದವನು ಅರ್ಜಿದಾರನೇ ಆಗಿದ್ದರೆ, ಆಗ ಆ ಒಟ್ಟುಗೂಡಿಸುವಿಕೆಯಲ್ಲಿ ಬುದ್ಧಿಯ ಕೆಲಸವೆಷ್ಟು, ಕೈಯ ಕೆಲಸವೆಷ್ಟು ಎಂದು ಕೇಳಬೇಕಾಗುವುದು.

ಈ ವಿಷಯದಲ್ಲಿ ನಮ್ಮ ದೇಶದ ಮೂಲಭೂತವಾದ ತೀರ್ಪು ಒಂದು ಹಿಡಿತದ ಸಾಧನವನ್ನು ಕುರಿತೇ ಆಗಿದೆಯೆಂಬುದು ಆಶ್ಚರ್ಯದ ಸಂಗತಿ. ಮಿರ್ಜಾಪುರದಲ್ಲಿ ಹಿತ್ತಾಳೆಯ ಪಾತ್ರೆಗಳನ್ನು ಚರಕಿಗೆ ಸಿಕ್ಕಿಸಿ ಕೆರೆದು ನುಣುಪುಮಾಡುವ ಉದ್ಯೋಗವು ಹಿಂದಿನಿಂದ ನಡೆದುಬಂದಿದೆ. ಹಳೆಯ ಪದ್ಧತಿಯಲ್ಲಿ ಪಾತ್ರೆಯು ತಿರುಗುವಾಗ ಹಿಡಿಯಿಂದ ಕಳಚಿ ಹಾರಿಬಿದ್ದು ಕೆಲಸಗಾರರಿಗೆ ಅಪಾಯವಾಗುತ್ತಿತ್ತು. ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆಯವರು, ಪಾತ್ರೆಯನ್ನು ಎದುರುಗಡೆಯಿಂದ ಮೊನೆಯುಳ್ಳ ಒಂದು ಒತ್ತುಕದಿರಿನಿಂದ ಅದುಮಿ ಹಿಡಿಯುವ ಏರ್ಪಾಡನ್ನು ಮಾಡಿ, ೧೯೫೧ರ ಡಿಸೆಂಬರಿನಿಂದ ಜಾರಿಗೆ ಬರುವಂತೆ ೪೬೩೬೮ನೆಯ ನಂಬರಿನ ಪೇಟೆಂಟನ್ನು ಪಡೆದರು. ಬಿಶ್ವನಾಥ ಪ್ರಸಾದ ರಾಧೇಶ್ಯಾಮ ಎಂಬ ಮತ್ತೊಂದು ಸಂಸ್ಥೆಯು ಅದೇ ಬಗೆಯ ಸಾಧನವನ್ನು ಬಳಸಲು ವ್ಯಾಜ್ಯವೆದ್ದಿತು. ಒಬ್ಬ ನ್ಯಾಯಾಧೀಶರು ಪೇಟೆಂಟನ್ನು ರದ್ದುಪಡಿಸಿದರು. ಅಲಾಹಾಬಾದಿನ ಉಚ್ಚ ನ್ಯಾಯಾಲಯದ ಮೇಲ್ಮನವಿಯ ಪೀಠವು ಅದನ್ನು ಎತ್ತಿಹಿಡಿಯಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯವು ೧೯೭೮ರ ಡಿಸೆಂಬರ್ ೧೩ರಂದು, ೧೯೧೧ರ ಕಾಯಿದೆಯ ಪ್ರಕಾರ, ಪೇಟೆಂಟು ನಿಲ್ಲತಕ್ಕುದಲ್ಲವೆಂದು ತೀರ್ಮಾನಿಸಿತು. ಪೇಟೆಂಟಿನ ಕಾಲವೇ ಮುಗಿದುಹೋದ ಮೇಲೆ ಬಂದ ತೀರ್ಪಿದು; ಮಿರ್ಜಾಪುರದ ಪಾತ್ರೆಗಾರರಿಗೆ ಅದರಿಂದಾದ ಉಪಯೋಗ ಸ್ವಲ್ಪವೇ ಇದ್ದಿರಬೇಕು.

ನ್ಯಾಯಮೂರ್ತಿ ಸರ್ಕಾರಿಯಾ ಅವರು ಬರೆದ ಆ ತೀರ್ಪಿನ ತಿರುಳು ಹೀಗಿದೆ. ವಸ್ತುವನ್ನು ಎರಡು ಕೊನೆಗಳ ನಡುವೆ ಅದುಮಿ ಹಿಡಿಯುವ ತತ್ತ್ವವು ಚರಕಿಯ ಕೆಲಸದಲ್ಲಿ ದಶಕಗಳಿಂದ ಬಳಕೆಯಲ್ಲಿದ್ದಿತು. ಅದನ್ನೇ ಪಾತ್ರೆಗಳಿಗೆ ಸ್ವಲ್ಪ ಮಾರ್ಪಡಿಸಿ ಹೊಂದಿಸಿದುದು ಕಾರ್ಖಾನೆಯ ಸಾಧಾರಣ ಸುಧಾರಣೆಯೇ ಹೊರತು ಶೋಧವಲ್ಲ. ಹಳೆಯದರ ಮೇಲಿನ ಸುಧಾರಣೆಗೆ ಪೇಟೆಂಟು ದೊರೆಯಬೇಕಾದರೆ ಅದರಿಂದ ಹೊಸ ಫಲವೋ ಹೊಸ ವಸ್ತುವೋ ಹಿಂದಿನದಕ್ಕಿಂತ ಉತ್ತಮವಾದ ಅಥವಾ ಅಗ್ಗವಾದ ವಸ್ತುವೋ ಬರಬೇಕು. ಬರಿದೆ ಹಲವು ಅಂಗಗಳನ್ನು ಒಂದೆಡೆ ಇಟ್ಟರೆ ಸಾಲದು. ಒರೆಗಲ್ಲು ಯಾವುದೆಂದರೆ: ಕುಶಲನಾದ ಒಬ್ಬ ಕಸಬಿಯ ಮುಂದೆ ಅರ್ಜಿಯ ದಿನದವರೆಗಿನ ಜ್ಞಾನವನ್ನೆಲ್ಲ ಇಟ್ಟು, ಶೋಧವನ್ನು ಮಾತ್ರ ಮರೆಮಾಡಿ, ಅದೇ ತೊಡಕನ್ನು ಅವನ ಮುಂದೊಡ್ಡಿದರೆ, ಅವನು ಆ ಜ್ಞಾನದಿಂದಲೇ ತನಗೆ ಬೇಕಾದುದು ದೊರೆಯಿತೆನ್ನುತ್ತಿದ್ದನೆ?

ಈ ಕಸಬಿಯು ಯಾರು? ತೀರ್ಪಿನಲ್ಲಿ ಅವನು ಬರಿಯ ಕೈಗೆಲಸದವನಲ್ಲ, ಎಂಜಿನಿಯರನ ಯೋಗ್ಯತೆಯುಳ್ಳ ಕುಶಲನೆಂದು ಸೂಚಿತವಾಗಿದೆ. ಅವನು ಕಲ್ಪನೆಯಿಂದ ಹುಟ್ಟಿದ ಪುರುಷ; ತನ್ನ ಕಸಬಿನ ಎಲ್ಲ ಪ್ರಕಟವಾದ ಬರಹಗಳನ್ನು ಓದಿರುವನು, ಬಳಕೆಯಲ್ಲಿರುವ ಎಲ್ಲ ಉಪಕರಣಗಳನ್ನು ನೋಡಿರುವನು; ಆದರೆ ಹೊಸದನ್ನು ಕಲ್ಪಿಸುವ ಶಕ್ತಿಯಲ್ಲಿ ವಿಶೇಷನಲ್ಲ. ನವಲಗುಂದದ ಒಬ್ಬ ಕಂಬಾರನಾದರೋ ಬಹುಮಟ್ಟಿಗೆ ಇದಕ್ಕೆ ವಿರುದ್ಧನು. ಪೇಟೆಂಟು ಪತ್ರಗಳನ್ನು ಅವನು ಕಂಡಿರಲಾರನು. ಆದರೆ ಎರೆಯು ಹಸಿಯಾದಾಗ ಹೇಗೆ ಕುಡಕ್ಕೆ ಅಂಟುವುದು, ಒಣಗಿದಾಗ ಹೇಗೆ ಕಲ್ಲಾಗಿ ಬಿರಿಯುವುದು, ಮರದ ಬೆಣೆಯು ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗಿ ಬೇಸಗೆಯಲ್ಲಿ ಕುಗ್ಗಿ ಉದುರುವುದು ಎಂಬುದೆಲ್ಲ ಅವನ ಬೆರಳುಗಳಿಗೇ ಗೊತ್ತು. ಕಾಯಿದೆಯ ಕಸಬಿಯನ್ನು ಕಲ್ಪಿಸುವಾಗ ಈ ಜ್ಞಾನವನ್ನೂ ಅವನಲ್ಲಿ ತುಂಬಬೇಕಾದುದು ನ್ಯಾಯ. ಹಾಗೆ ಮಾಡದಿದ್ದರೆ ಹಳ್ಳಿಯಲ್ಲಿ ಎಲ್ಲರಿಗೂ ತಿಳಿದ ಸಂಗತಿಯು ಪಟ್ಟಣದಲ್ಲಿ ಶೋಧವೆನಿಸಿಕೊಳ್ಳುವುದು.

ಒಂದು ಉದಾಹರಣೆ ಸಾಕು. ಚಕ್ಕಡಿಯ ಗಾಲಿಗೆ ಹಳಿ ಹಾಕುವಾಗ ಕಂಬಾರನು ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಹೊಯ್ಯುವನು. ಕಬ್ಬಿಣವು ಕುಗ್ಗಿ ಮರವನ್ನೆಲ್ಲ ಒಂದಾಗಿ ಬಿಗಿಯುವುದು. ಮೊಳೆಯೂ ಬೇಡ, ಬೆಣೆಯೂ ಬೇಡ. ನಾಳೆ ಯಾವನಾದರೂ ಇದೇ ರೀತಿ ಕಾಸಿದ ಬಳೆಯನ್ನು ಗುದ್ದಲಿಯ ಕಾವಿಗೆ ತೊಡಿಸಿ ಪೇಟೆಂಟು ಬೇಡಿದರೆ, ಎದುರುಪಕ್ಷದವರು ದೂರದ ಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಊರ ಹೊರಗಿನ ಕುಲುಮೆಯನ್ನು ತೋರಿಸಿದರಾಯಿತು.

ಮೂಲವಸ್ತುವನ್ನು ಮಾತ್ರ ಬದಲಿಸುವುದು ಶೋಧವಾಗುವುದೇ ಎಂಬ ಪ್ರಶ್ನೆಯನ್ನು ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ೧೮೫೧ರಲ್ಲಿಯೇ ಬಿಡಿಸಿತು. ಅದೂ ಒಂದು ಕೀಲಿನ ಮಾತೇ. ಬಾಗಿಲಿನ ಹಿಡಿಗುಬ್ಬಿಯನ್ನು ಮರ ಅಥವಾ ಲೋಹದ ಬದಲು ಕುಂಬಾರಮಣ್ಣಿನಿಂದ ಮಾಡಿ, ಒಳಗೆ ಅಗಲವಾಗುತ್ತ ಹೋಗುವ ಗುಳಿಯಲ್ಲಿ ಲೋಹವನ್ನು ಕರಗಿಸಿ ಹೊಯ್ದು ದಂಡವನ್ನು ಕೂಡಿಸಿದುದಕ್ಕೆ ಹಾಚ್ಕಿಸ್ ಮೊದಲಾದವರು ೧೮೪೧ರಲ್ಲಿ ಪೇಟೆಂಟು ಪಡೆದಿದ್ದರು. ಆ ಬಗೆಯ ಗುಳಿಯೂ ದಂಡವೂ ಲೋಹದ ಗುಬ್ಬಿಗಳಲ್ಲಿ ಮೊದಲೇ ಇದ್ದವು. ಮಣ್ಣಿನ ಗುಬ್ಬಿಯೂ ಹೊಸದಲ್ಲ. ಸಾಧಾರಣ ಕಸಬುದಾರನ ಕೌಶಲಕ್ಕಿಂತ ಹೆಚ್ಚಿನದು ಇದರಲ್ಲಿಲ್ಲವೆಂದು ನ್ಯಾಯಾಲಯವು ಹೇಳಿತು. ಇದರಲ್ಲಿ ಭಿನ್ನಮತವನ್ನು ಕೊಟ್ಟ ನ್ಯಾಯಮೂರ್ತಿ ವುಡ್ಬರಿಯವರ ಆಕ್ಷೇಪವೂ ತಿರಸ್ಕಾರಯೋಗ್ಯವಲ್ಲ: ವಸ್ತುವು ಹೊಸದಾಗಿಯೂ ಅಗ್ಗವಾಗಿಯೂ ಉತ್ತಮವಾಗಿಯೂ ಇದ್ದರೆ ಸಾಲದೆ, ಅದನ್ನು ಕಂಡುಹಿಡಿದವನು ಎಷ್ಟು ಬೆವರಿದನೆಂದು ಕೇಳುವುದೇಕೆ ಎಂಬುದು ಅವರ ವಾದದ ಭಾವ.

ಇದಕ್ಕಿಂತ ಎರೆಯ ನಾಡಿನವರಿಗೆ ಹತ್ತಿರವಾದುದು ೧೯೬೬ರ ಗ್ರಹಾಮ್ ಮತ್ತು ಜಾನ್ ಡಿಯರ್ ಕಂಪನಿಯ ವ್ಯಾಜ್ಯ. ಕಲ್ಲು ತುಂಬಿದ ಹೊಲಗಳಲ್ಲಿ ಉಳಿಯಂತಹ ತಾಳುಗಳುಳ್ಳ ರಂಟೆಯನ್ನು ಎಳೆಯುವಾಗ ತಾಳು ಕಲ್ಲಿಗೆ ಬಡಿದು ಮುರಿಯುವುದು. ಗ್ರಹಾಮನು ತಾಳನ್ನು ಸ್ಪ್ರಿಂಗಿನ ಒಂದು ಹಿಡಿಗೆ ಕೂಡಿಸಿ, ಕಲ್ಲು ಅಡ್ಡಬಂದಾಗ ತಾಳು ಮೇಲಕ್ಕೆದ್ದು ಮತ್ತೆ ತನ್ನ ಸ್ಥಾನಕ್ಕೆ ಬೀಳುವಂತೆ ಮಾಡಿದನು. ಅದಕ್ಕೆ ಒಂದು ಪೇಟೆಂಟಾಯಿತು. ಆ ಹಿಡಿಯಲ್ಲಿ ತಾಳು ಕೀಲುಪಟ್ಟಿಯ ಮೇಲೆ ಇದ್ದುದರಿಂದ ಮೇಲಿನ ಸ್ಥಿರಪಟ್ಟಿಯು ಉಜ್ಜಿ ಸವೆಯುತ್ತಿತ್ತು. ಬಳಿಕ ಅವನು ತಾಳನ್ನು ಪಟ್ಟಿಯ ಕೆಳಕ್ಕೆ ತಂದು, ಒಂದು ರಿಕಾಪಿನಂತಹ ಪಟ್ಟಿಯಿಂದಲೂ ತಿರುಪುಮೊಳೆಯಿಂದಲೂ ಬಿಗಿದು ಎರಡನೆಯ ಪೇಟೆಂಟನ್ನು ಪಡೆದನು. ಈ ಎರಡನೆಯದರ ವಿಷಯದಲ್ಲಿ ಕೆಳಗಿನ ನ್ಯಾಯಾಲಯಗಳು ಒಂದಕ್ಕೊಂದು ವಿರುದ್ಧವಾಗಿ ತೀರ್ಪಿತ್ತಿದ್ದವು. ಸರ್ವೋಚ್ಚ ನ್ಯಾಯಾಲಯವು, ಸವೆತದ ತೊಡಕನ್ನು ಕಂಡ ಯಾವ ನುರಿತವನಾದರೂ ಮೇಲಿನದನ್ನು ಕೆಳಗೆ ಮಾಡಿ ನೋಡುತ್ತಿದ್ದನು, ಆದುದರಿಂದ ಇದು ಸುಲಭೋಹ್ಯವೆಂದಿತು. ತಾಳು ಪೂರ್ಣವಾಗಿ ಬಾಗಿ ಬಳುಕುವುದರಿಂದ ಮುರಿಯುವುದಿಲ್ಲವೆಂಬ ಗುಣವನ್ನು ಗ್ರಹಾಮನ ಪಕ್ಷದವರು ಒತ್ತಿ ಹೇಳಿದರೂ, ಆ ಮಾತು ಪೇಟೆಂಟು ಕಚೇರಿಯ ಮುಂದೆ ಬಾರದೆ ವ್ಯಾಜ್ಯದ ಕಾಲಕ್ಕೆ ಹುಟ್ಟಿಕೊಂಡುದರಿಂದ ಅದಕ್ಕೆ ಬೆಲೆಬರಲಿಲ್ಲ. ಅರ್ಜಿ ಬರೆಯುವವರು ನೆನಪಿನಲ್ಲಿಡಬೇಕಾದ ಸಂಗತಿಯಿದು: ಶೋಧದ ಸತ್ತ್ವವು ಎಲ್ಲಿದೆಯೆಂಬುದನ್ನು ಮೊದಲೇ ಬರೆಯದಿದ್ದರೆ ಆಮೇಲೆ ಹೇಳಿ ನಂಬಿಸುವುದು ಶಕ್ಯವಿಲ್ಲ. ಮಿರ್ಜಾಪುರದವರ ಸೋಲಿಗೂ ಇದು ಒಂದು ಕಾರಣವಾಗಿದ್ದಿತು.

ಈ ಮೂರು ತೀರ್ಪುಗಳನ್ನು ಓದಿದವರಿಗೆ, ಸಣ್ಣ ಕೀಲುಗಳಿಗೆ ಪೇಟೆಂಟು ಸಿಕ್ಕುವುದೇ ಇಲ್ಲವೆಂದು ತೋರಬಹುದು. ಹಾಗೆ ತಿಳಿಯುವುದು ತಪ್ಪು. ಇಂದು ಧಾರವಾಡದ ಹೊಲಗಳ ಬದುವಿನಲ್ಲಿಯೂ ಕಾಣುವ ಮುಳ್ಳುತಂತಿಯ ಕಥೆಯನ್ನು ನೋಡಬೇಕು. ತಂತಿಗೆ ಮುಳ್ಳನ್ನು ಕೂಡಿಸುವ ಕಲ್ಪನೆ ಮೊದಲೇ ಇದ್ದಿತು. ೧೮೬೮ರಲ್ಲಿ ಕೆಲಿ ಎಂಬವನು ತಗಡಿನ ಮುಳ್ಳುಗಳನ್ನು ತಂತಿಗೆ ಪೋಣಿಸಿ ಪೇಟೆಂಟು ಪಡೆದಿದ್ದನು. ಜೋಸೆಫ್ ಗ್ಲಿಡನ್ ಎಂಬ ಇಲಿನಾಯಿಯ ಒಕ್ಕಲಿಗನು ೧೮೭೪ರಲ್ಲಿ ಮಾಡಿದುದಿಷ್ಟೆ: ಮುಳ್ಳನ್ನು ತಂತಿಯ ತುಂಡಿನಿಂದಲೇ ಮಾಡಿ ಒಂದು ತಂತಿಗೆ ಸುರುಳಿಯಾಗಿ ಸುತ್ತಿ, ಎರಡನೆಯ ತಂತಿಯನ್ನು ಅದರೊಡನೆ ಹೊಸೆದನು. ಹೊಸೆತದ ಬಿಗಿಯೇ ಮುಳ್ಳನ್ನು ಸರಿಯದಂತೆ ಹಿಡಿಯಿತು. ಹೊಸೆಯುವುದು ಹೊಸದಲ್ಲ, ಮುಳ್ಳು ಹೊಸದಲ್ಲ. ಆದರೂ ೧೮೯೨ರಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ಆ ಪೇಟೆಂಟನ್ನು ಎತ್ತಿಹಿಡಿಯಿತು. ಹಲವರು ಯತ್ನಿಸಿ ಸೋತಲ್ಲಿ ಕೊನೆಯ ಹೆಜ್ಜೆಯನ್ನಿಟ್ಟು ಗೆಲುವನ್ನು ತಂದವನಿಗೆ ಗೌರವ ಸಲ್ಲಬೇಕೆಂಬುದು ಅದರ ತಾತ್ಪರ್ಯ. ಗ್ರಹಾಮನ ತೀರ್ಪಿನಲ್ಲಿಯೂ ಬಹುಕಾಲದ ಕೊರತೆ, ಇತರರ ಸೋಲು, ಮಾರಾಟದ ಯಶಸ್ಸು ಇವುಗಳನ್ನು ಗಮನಿಸಬಹುದೆಂದು ಹೇಳಿದೆ. ಆದರೆ ಇವು ಪಕ್ಕದ ಸಾಕ್ಷಿಗಳು, ಮುಖ್ಯ ಸಾಕ್ಷಿಗಳಲ್ಲ. ವಸ್ತುವು ಚೆನ್ನಾಗಿ ಮಾರಾಟವಾದುದು ಜಾಹೀರಾತಿನ ಬಲದಿಂದಲೂ ಇರಬಹುದಷ್ಟೆ.

ಇನ್ನು ಕುಂಟೆಯನ್ನೇ ಎತ್ತಿಕೊಂಡು ಈ ಒರೆಗಲ್ಲನ್ನು ತಿಕ್ಕಿ ನೋಡುವುದು ಯುಕ್ತ. ದಿಂಡಿಗೆ ಕೂಡಿಸಿದ ಎರಡು ತಾಳುಗಳ ತುದಿಗೆ ಕುಡವನ್ನು ಒತ್ತಿ, ಬಳೆಗಳನ್ನೇರಿಸಿ, ಬೇಕಾದಲ್ಲಿ ಬೆಣೆ ಬಡಿದು ಬಿಗಿಮಾಡುವರು. ಇಲ್ಲಿ ಎರಡು ಬೇಡಿಕೆಗಳು ಪರಸ್ಪರ ವಿರುದ್ಧವಾಗಿವೆ. ಹರಗುವಾಗ ಕುಡವು ಅಲುಗಬಾರದು. ಆದರೆ ಹರಿತಮಾಡಿಸಲು ಕುಲುಮೆಗೆ ಒಯ್ಯುವಾಗ ಅದು ಕೂಡಲೇ ಬಿಚ್ಚಬೇಕು. ಬೆಣೆಯ ಇಳಿಜಾರು ಒಂದು ಮಿತಿಗಿಂತ ಕಡಿಮೆಯಿದ್ದರೆ ಘರ್ಷಣೆಯೇ ಅದನ್ನು ಹಿಂದಕ್ಕೆ ಜಾರಗೊಡದು. ಮಿತಿ ಮೀರಿದರೆ ಎಷ್ಟು ಬಡಿದರೂ ನಿಲ್ಲದು. ತಿರುಪಾದರೂ ಉರುಳೆಯ ಸುತ್ತ ಸುತ್ತಿದ ಬೆಣೆಯೇ. ಆದುದರಿಂದ ಅದಕ್ಕೂ ಇದೇ ನಿಯಮ. ಎಡೆಬಿಡದ ನಡುಕದಿಂದ ತಿರುಪು ಸಡಿಲುವುದೆಂಬುದೂ, ಅದನ್ನು ತಡೆಯಲು ಎರಡನೆಯ ನಟ್ಟು, ಸೀಳುಮೊಳೆ, ಸ್ಪ್ರಿಂಗಿನ ಬಿಲ್ಲೆ ಮುಂತಾದವನ್ನು ಹಾಕುವರೆಂಬುದೂ ಹುಬ್ಬಳ್ಳಿಯ ಯಾವ ಕಾರ್ಖಾನೆಯಲ್ಲಿಯೂ ತಿಳಿದ ಮಾತು.

ಒಬ್ಬನು ಬೆಣೆಯನ್ನು ತೆಗೆದು ನಟ್ಟುಬೋಲ್ಟನ್ನು ಹಾಕಿದನೆಂದು ಭಾವಿಸುವ. ಬೆಳಗಾವಿಯಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೦೩ರಲ್ಲಿ ಕಬ್ಬಿಣದ ರಂಟೆಯನ್ನು ಮಾಡಿದಂದಿನಿಂದ ಈ ಸೀಮೆಯ ರೈತನಿಗೆ ಲೋಹದ ರಂಟೆಯ ಪರಿಚಯವುಂಟು; ಅದರಲ್ಲಿ ಶೋಧವಿಲ್ಲ. ಇನ್ನೊಬ್ಬನು ಮರದ ತಾಳಿಗೆ ಬದಲು ಉಕ್ಕಿನ ತಾಳನ್ನು ಮಾಡಿದನು. ಅದು ಹಾಚ್ಕಿಸನ ಗುಬ್ಬಿಯ ಪಂಕ್ತಿಗೆ ಸೇರಿತು. ಮೂರನೆಯವನು ಕುಡಕ್ಕೆ ಒಂದು ಬಳೆ, ದಿಂಡಿಗೆ ಒಂದು ಕೊಕ್ಕೆ, ನೊಗಕ್ಕೆ ಒಂದು ಕೀಲು ಹೀಗೆ ಮೂರನ್ನು ಒಟ್ಟಿಗೆ ಅರ್ಜಿಯಲ್ಲಿ ಬರೆದನು. ಪ್ರತಿಯೊಂದೂ ತನ್ನಷ್ಟಕ್ಕೆ ತನ್ನ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ, ಕಾಯಿದೆಯ ೩ನೆಯ ಕಲಮು ಅಂತಹ ಜೋಡಣೆಯನ್ನು ಶೋಧವೆಂದೇ ಒಪ್ಪದು. ನಾಲ್ಕನೆಯವನು ಮಾತ್ರ ಬೇರೆ ದಾರಿ ಹಿಡಿದನೆನ್ನಬೇಕು: ಬಳೆಯ ಒಳಮೈಯನ್ನು ಒಂದು ಕಡೆಗೆ ವಾಲಿಸಿ, ಮಣ್ಣಿನ ಎದುರೊತ್ತೇ ಅದನ್ನು ಇನ್ನಷ್ಟು ಬಿಗಿಯುವಂತೆಯೂ, ಹಿಂದಿನಿಂದ ಒಂದು ಪೆಟ್ಟು ಕೊಟ್ಟೊಡನೆ ಬಿಚ್ಚುವಂತೆಯೂ ಮಾಡಿದನು. ಭಾರ ಹೆಚ್ಚಿದಷ್ಟೂ ಬಿಗಿಯುವ ಹಿಡಿಗಳು ಬೇರೆ ಕಸಬುಗಳಲ್ಲಿ ಉಂಟು. ಹಾಗಾದರೆ ಕೇಳಬೇಕಾದ ಪ್ರಶ್ನೆಯೆಂದರೆ, ಕುಂಟೆ ಮಾಡುವ ನುರಿತವನು ಆ ಬೇರೆ ಕಸಬಿನ ಕಡೆಗೆ ಕಣ್ಣು ಹಾಯಿಸಲು ಕಾರಣವಿತ್ತೆ? ಹಾಯಿಸಿದರೂ ಅಂಟುವ ಎರೆಯಲ್ಲಿ ಅದು ಕೆಲಸಮಾಡೀತೆಂದು ನಂಬಲು ಆಧಾರವಿತ್ತೆ? ಎಲ್ಲರೂ ಬಳೆಯನ್ನು ಇನ್ನಷ್ಟು ದಪ್ಪಮಾಡುವುದರಲ್ಲಿಯೇ ತೊಡಗಿದ್ದಾಗ ಇವನೊಬ್ಬನು ಮಣ್ಣಿನ ಒತ್ತನ್ನು ವೈರಿಯೆಂದೆಣಿಸದೆ ಸಹಾಯಕನನ್ನಾಗಿ ಮಾಡಿಕೊಂಡನೆ? ಹಾಗಿದ್ದರೆ ಅಲ್ಲಿ ಶೋಧಕ ಹೆಜ್ಜೆಯನ್ನು ಕಾಣಬಹುದು. ಯಾವುದಾದರೊಂದು ಹಳೆಯ ಪತ್ರದಲ್ಲಿ ಕೃಷಿಯುಪಕರಣಕ್ಕೆ ಅಂತಹ ಬಳೆಯನ್ನು ಹಾಕಬಹುದೆಂಬ ಸೂಚನೆ ಸಿಕ್ಕಿತೋ, ಅವನ ಪಕ್ಷವು ಬಹಳ ದುರ್ಬಲವಾಗುವುದು. ಇಂತಹ ಬಳೆಯನ್ನು 'ಮಾಡಬಹುದಾಗಿತ್ತು' ಎಂಬುದು ಬೇರೆ, ಮಾಡಲು 'ತೊಡಗುತ್ತಿದ್ದನು' ಎಂಬುದು ಬೇರೆ. ಮೊದಲನೆಯದನ್ನು ಸಿದ್ಧಮಾಡಿ ಎರಡನೆಯದನ್ನು ಸಾಧಿಸಿದೆವೆಂದು ಹೇಳುವುದು ವಕೀಲರ ಸಾಮಾನ್ಯವಾದ ಹಂಚಿಕೆ.

ಶೋಧವನ್ನು ನೋಡಿದ ಮೇಲೆ ಅದರ ದಾರಿಯೆಲ್ಲ ಸುಗಮವಾಗಿ ಕಾಣುವ ದೋಷವನ್ನು ಕನ್ನಡದ ಗಾದೆಯು, ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಮಾತಿನಲ್ಲಿ ಹಿಡಿದಿದೆ. ಈ ದೋಷದಿಂದ ತಪ್ಪಿಸಿಕೊಳ್ಳಲು ಇಂಗ್ಲೆಂಡಿನ ಮೇಲ್ಮನವಿಯ ನ್ಯಾಯಾಲಯವು ೧೯೮೫ರಲ್ಲಿ ವಿಚಾರಕ್ರಮವೊಂದನ್ನು ಹಾಕಿಕೊಟ್ಟಿತು. ೨೦೧೫ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವೂ ಔಷಧಿಯೊಂದರ ವ್ಯಾಜ್ಯದಲ್ಲಿ ಅದನ್ನು ಹೋಲುವ ಕ್ರಮವನ್ನೇ ಹೇಳಿದೆ. ನುರಿತವನಾರೆಂಬುದನ್ನು ಮೊದಲು ಗೊತ್ತುಮಾಡಿ, ಶೋಧದ ಸತ್ತ್ವವನ್ನು ಗುರುತಿಸಿ, ಆ ದಿನದ ಸಾಮಾನ್ಯಜ್ಞಾನವನ್ನು ನುರಿತವನಿಗೆ ಆರೋಪಿಸಿ, ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರವನ್ನು ಬರೆದಿಟ್ಟು, ಕೊನೆಗೆ ಆ ಅಂತರವನ್ನು ಅವನು ಶೋಧವನ್ನು ನೋಡದೆಯೇ ದಾಟುತ್ತಿದ್ದನೇ ಎಂದು ಕೇಳಬೇಕು. ಕ್ರಮವು ಒಳ್ಳೆಯದೇ. ಆದರೂ ನೋಡಿದ್ದನ್ನು ನೋಡದಂತೆ ಮನಸ್ಸನ್ನು ಹಿಂದಕ್ಕೆ ಒಯ್ಯುವುದು ನ್ಯಾಯಾಧೀಶರಿಗೂ ಸುಲಭವಲ್ಲ.

ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಇದರಿಂದ ಆಗಬಹುದಾದ ಲಾಭನಷ್ಟಗಳು ಎರಡು ಬಗೆಯವು. ಮೊದಲನೆಯದು, ಹಳ್ಳಿಯಲ್ಲಿದ್ದ ಕೀಲನ್ನೇ ಬೇರೊಬ್ಬನು ಒಯ್ದು ತನ್ನದೆಂದು ಬರೆಸಿಕೊಳ್ಳುವ ಭಯ. ಇದಕ್ಕೆ ಕಾಯಿದೆಯಲ್ಲಿ ಮದ್ದುಂಟು. ಪರಂಪರಾಗತ ಜ್ಞಾನವಾಗಿರುವುದು ಅಥವಾ ಪರಂಪರೆಯಿಂದ ತಿಳಿದ ವಸ್ತುಗಳ ಗುಣಗಳನ್ನು ಒಟ್ಟುಗೂಡಿಸಿದುದು ಶೋಧವಲ್ಲವೆಂದು ೨೦೦೨ರ ತಿದ್ದುಪಡಿಯು ಸೇರಿಸಿತು. ಹಿಮಾಚಲ ಪ್ರದೇಶದ ಗುಡ್ಡಗಾಡಿನವರು ಬೆನ್ನಿಗೆ ಕಟ್ಟಿಕೊಳ್ಳುವ ಕಿಲ್ಟಾ ಎಂಬ ಬಿದಿರ ಬುಟ್ಟಿಯನ್ನು ಪ್ಲಾಸ್ಟಿಕಿನಲ್ಲಿ ಮಾಡಿ, ಹಗ್ಗದ ಬದಲು ನೈಲಾನಿನ ಪಟ್ಟಿಗಳನ್ನು ಹಾಕಿ ಪಡೆದ ಒಂದು ಪೇಟೆಂಟಿನ ವಿಷಯದಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ೨೦೦೭ರಲ್ಲಿ ತಾತ್ಕಾಲಿಕ ತಡೆಯಾಜ್ಞೆಯನ್ನು ಕೊಡಲೊಪ್ಪದೆ, ಇದು ಹಳೆಯ ಕಿಲ್ಟಾದ ಅನುಕರಣವೇ ಸರಿ ಎಂಬ ಭಾವವನ್ನು ವ್ಯಕ್ತಪಡಿಸಿತು. ಇದಲ್ಲದೆ ೨೫ನೆಯ ಕಲಮಿನ ಪ್ರಕಾರ, ಪೇಟೆಂಟು ಕೊಡುವ ಮೊದಲು ಯಾರು ಬೇಕಾದರೂ ವಿರೋಧವನ್ನು ಸಲ್ಲಿಸಬಹುದು. ಕೊಟ್ಟ ಮೇಲೆ ಒಂದು ವರುಷದೊಳಗೆ ಸಂಬಂಧಪಟ್ಟವರು ಸಲ್ಲಿಸಬಹುದು. ವಿರೋಧಕ್ಕೆ ಕಾರಣವಾಗಿ ಒಂದು ಸ್ಥಳೀಯ ಸಮುದಾಯದಲ್ಲಿರುವ ಜ್ಞಾನವನ್ನು, ಅದು ಬರಿಯ ಬಾಯಿಮಾತಿನದಾದರೂ, ಮುಂದಿಡಬಹುದೆಂದು ಕಾಯಿದೆಯೇ ಹೇಳಿದೆ. ಬರಹವಿಲ್ಲದ ವಿದ್ಯೆಗೆ ಇದಕ್ಕಿಂತ ದೊಡ್ಡ ಮನ್ನಣೆಯನ್ನು ಕಾಯಿದೆಯಿಂದ ನಿರೀಕ್ಷಿಸುವುದು ಕಷ್ಟ. ಆದರೆ ವಾರವಾರವೂ ಪ್ರಕಟವಾಗುವ ಪೇಟೆಂಟು ಪತ್ರಿಕೆಯನ್ನು ಕುಂದಗೋಳದ ಬಡಿಗನು ಓದುವುದೆಂತು? ೨೦೦೧ರಿಂದ ಸರಕಾರವು ಕಟ್ಟುತ್ತ ಬಂದಿರುವ ಪರಂಪರಾಗತ ಜ್ಞಾನದ ಭಂಡಾರವು ಮುಖ್ಯವಾಗಿ ಆಯುರ್ವೇದ, ಯೂನಾನಿ, ಸಿದ್ಧ, ಯೋಗಗಳ ಗ್ರಂಥಗಳಿಂದ ಆಯ್ದುದು. ಕೂರಿಗೆಯ ಶೆಡ್ಡಿಬಟ್ಟಲು, ಕುಂಟೆಯ ಬಳೆ, ಕಲಘಟಗಿಯ ತೊಟ್ಟಿಲಿನ ಮರಗೆಲಸ ಇವುಗಳನ್ನು ಅಳತೆ ಚಿತ್ರಗಳೊಡನೆ ಬರೆದಿಡುವ ಕೆಲಸವು ಸಂಶೋಧಕರ ಪಾಲಿಗೆ ಉಳಿದಿದೆ.

ಎರಡನೆಯದು, ಹಳ್ಳಿಯಲ್ಲಿಯೇ ಹುಟ್ಟಿದ ನಿಜವಾದ ಶೋಧವು ಕೈತಪ್ಪಿಹೋಗುವ ಭಯ. ಹಿಂದೆ ನವಲಗುಂದ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಿನ ಕೇಂದ್ರವಾಗಿರುವ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಿಸೆಯ ಬೀಜ ಬೇರ್ಪಡಿಸುವ ಯಂತ್ರ, ಬೀಜವನ್ನೂ ಗೊಬ್ಬರವನ್ನೂ ಕೂಡಿಯೇ ಬಿತ್ತುವ ಕೂರಿಗೆ, ಕುಡಗಳನ್ನು ಮಾಡುವ ಯಂತ್ರ ಮೊದಲಾದವನ್ನು ರಚಿಸಿ, ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನದ ಜೀವಮಾನ ಪ್ರಶಸ್ತಿಯನ್ನು ೨೦೧೫ರಲ್ಲಿಯೂ ಪದ್ಮಶ್ರೀಯನ್ನು ೨೦೨೨ರಲ್ಲಿಯೂ ಪಡೆದರು. ಎರೆಯ ನಾಡಿನಲ್ಲಿ ಕಲ್ಪಕ ಬುದ್ಧಿಗೆ ಕೊರತೆಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ೨೦೦೦ದಲ್ಲಿ ಸ್ಥಾಪಿತವಾದ ಆ ಪ್ರತಿಷ್ಠಾನವು ಇಂತಹ ಶೋಧಕರ ಪರವಾಗಿ ಪೇಟೆಂಟಿನ ಅರ್ಜಿಗಳನ್ನು ಸಲ್ಲಿಸಲು ನೆರವಾಗುವುದು.

ತೊಡಕಿರುವುದು ಹಳ್ಳಿಯ ಸ್ವಭಾವದಲ್ಲಿಯೇ. ಹೊಸ ಕೀಲನ್ನು ಮಾಡಿದವನು ಮೊದಲು ಅದನ್ನು ನೆರೆಹೊಲದವನಿಗೆ ತೋರಿಸುವನು. ಅವನು ಇನ್ನೊಬ್ಬನಿಗೆ ಮಾಡಿಸಿಕೊಡುವನು. ಮುಂದಿನ ವರುಷ ಧಾರವಾಡದ ಕೃಷಿಮೇಳದಲ್ಲಿ ಅದನ್ನು ಸಾವಿರಾರು ಜನರು ನೋಡುವರು. ಅರ್ಜಿಯ ದಿನದ ಹೊತ್ತಿಗೆ ಶೋಧಕನ ಸ್ವಂತ ಉಪಕರಣವೇ ಎಲ್ಲರಿಗೂ ತಿಳಿದ ಪೂರ್ವಜ್ಞಾನವಾಗಿ ಅವನೆದುರಿಗೆ ಸಾಕ್ಷಿಯಾಗಿ ನಿಲ್ಲುವುದು. ಪ್ರದರ್ಶನಕ್ಕೆ ಇಟ್ಟ ಮೇಲೆಯೂ ಹನ್ನೆರಡು ತಿಂಗಳೊಳಗೆ ಅರ್ಜಿ ಸಲ್ಲಿಸಬಹುದೆಂಬ ರಿಯಾಯಿತಿಯನ್ನು ೩೧ನೆಯ ಕಲಮು ಕೊಡುವುದಾದರೂ, ಅದು ಕೇಂದ್ರ ಸರಕಾರವು ಗ್ಯಾಝೆಟ್ಟಿನಲ್ಲಿ ಹೆಸರಿಸಿದ ಪ್ರದರ್ಶನಗಳಿಗೆ ಮಾತ್ರ ಸಲ್ಲುವುದು. ಊರ ಜಾತ್ರೆಗೂ ಸಾಮಾನ್ಯ ಮೇಳಕ್ಕೂ ಸಲ್ಲದು. ಹೊಲದಲ್ಲಿ ಬಹಿರಂಗವಾಗಿ ಪರೀಕ್ಷಿಸುವುದು ಅನಿವಾರ್ಯವಾದಾಗ, ನ್ಯಾಯವಾದ ಪರೀಕ್ಷೆಗಾಗಿಯೇ ಮಾಡಿದ ಬಳಕೆಯನ್ನು ಅರ್ಜಿಗೆ ಹಿಂದಿನ ಒಂದು ವರುಷದ ಮಟ್ಟಿಗೆ ೩೨ನೆಯ ಕಲಮು ಕ್ಷಮಿಸುವುದು. ಹೊಸ ರೀತಿಯ ಸಾಗುವಳಿಗೆ ಪೇಟೆಂಟು ಇಲ್ಲ. ಸಾಗುವಳಿಯ ಉಪಕರಣಕ್ಕೆ ಉಂಟು. ಕರ್ನಾಟಕದ ಅರ್ಜಿಗಳು ಚೆನ್ನೈಯ ಪೇಟೆಂಟು ಕಚೇರಿಗೆ ಹೋಗುವುವು. ಅಲ್ಲಿಯ ಪರೀಕ್ಷಕನು ಅಣ್ಣಿಗೇರಿಯ ಎರೆಯನ್ನು ಕಂಡವನಲ್ಲ. ಹಸಿಯ ಮಣ್ಣಿನಲ್ಲಿ ಹಳೆಯ ಬಳೆಯು ಏಕೆ ಜಾರಿತು, ಎಷ್ಟು ಜನರು ಏನೇನು ಮಾಡಿ ಸೋತರು, ಹೊಸ ಬಳೆಯು ಯಾವ ಗುಣದಿಂದ ನಿಂತಿತು ಎಂಬುದನ್ನು ಅವನು ಅರ್ಜಿಯ ಹಾಳೆಗಳಿಂದಲೇ ತಿಳಿಯಬೇಕಾಗಿದೆ.